ಮಣ್ಣಿನಿಂದೆದ್ದ ಮಹಾದೇವಾಲಯ

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ದೇವಾಲಯಗಳ ನಿರ್ಮಾಣದ ಚರಿತ್ರೆಯಿಂದ ಯಾವುದಾದರೂ ಒಂದು ವಿಷಯವನ್ನು ಆರಿಸಿಕೊಂಡು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದರು. ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ಕುರಿತೋ ಪ್ಯಾರಿಸ್ಸಿನ ನೋತ್ರ್ ದಾಮ್ ಕುರಿತೋ ಹೇಳಬಹುದೆಂದು ತಾವು ನಿರೀಕ್ಷಿಸಿದ್ದಿರಬಹುದು. ಅವು ಕಲ್ಲಿನ ಕಥೆಗಳು. ಅವನ್ನು ಹೇಳಿದವರು ಬಹಳ ಮಂದಿ. ನಾನು ಆರಿಸಿಕೊಂಡಿರುವುದು ಮಣ್ಣಿನ ಕಥೆ. ಜರ್ಮನಿಯ ಉತ್ತರ ಭಾಗದಲ್ಲಿರುವ ಲ್ಯೂಬೆಕ್ ನಗರದ ಸಂತ ಮರಿಯಮ್ಮನವರ ದೇವಾಲಯ ತಳಪಾಯದಿಂದ ಶಿಖರದ ಬುಡದವರೆಗೆ ಹೆಚ್ಚುಕಡಿಮೆ ಪೂರ್ಣವಾಗಿ ಸುಟ್ಟ ಇಟ್ಟಿಗೆಯದು. ಅದೂ ನಮ್ಮದರಂತೆ ಒಂದು ಧರ್ಮಕೇಂದ್ರದ ದೇವಾಲಯವಾಗಿ ಹುಟ್ಟಿದ್ದು. ಧರ್ಮಾಧ್ಯಕ್ಷರ ಪ್ರಧಾನಾಲಯವಾಗಿ ಅಲ್ಲ. ಅದೂ ಒಂದು ಉತ್ಸವವನ್ನು ಆಚರಿಸಿಕೊಂಡಿತು. ಆ ಉತ್ಸವದ ಪ್ರಸಂಗವನ್ನು ಮುಂದೆ ಹೇಳುತ್ತೇನೆ. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆನೆಂದರೂ ತಪ್ಪಾಗದು.

ಮೊದಲು ಆ ನೆಲದ ವಿಚಾರ. ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದಲ್ಲಿ ಕಟ್ಟಡಕ್ಕೆ ಒದಗುವ ಕಲ್ಲು ಬಹು ವಿರಳ. ಹಿಮಯುಗದಲ್ಲಿ ಸ್ಕಾಂಡಿನೇವಿಯಾದ ಕಡೆಯಿಂದ ಇಳಿದು ಬಂದ ಹಿಮನದಿಗಳು ಅಲ್ಲಿ ಮರಳನ್ನೂ ಜೇಡಿಮಣ್ಣನ್ನೂ ಹರವಿ ಹೋದವು. ಅವುಗಳ ಜೊತೆಗೆ ಉರುಳಿ ಬಂದ ಗ್ರಾನೈಟ್ ಗುಂಡುಗಳು ಹೊಲಗದ್ದೆಗಳಲ್ಲಿ ಅಲ್ಲಲ್ಲಿ ಸಿಗುತ್ತವೆ. ತಳಪಾಯಕ್ಕೆ ಅವು ಸಾಕು. ಆಕಾಶಕ್ಕೇರುವ ಗೋಡೆಗೆ ಸಾಲವು. ಫ್ರಾನ್ಸಿನ ಶಿಲ್ಪಿಗೆ ಬೇಕಾದ ಮೆದುವಾದ ಸುಣ್ಣಕಲ್ಲು ಅಲ್ಲಿಯವರಿಗೆ ದೂರದಿಂದ ಹಡಗಿನಲ್ಲಿ ಬರಬೇಕಾಗಿತ್ತು. 12ನೆಯ ಶತಮಾನದಲ್ಲಿ ಇಟ್ಟಿಗೆ ಸುಡುವ ವಿದ್ಯೆ ಆ ಸೀಮೆಗೆ ಬಂದಾಗ—ಅದು ಉತ್ತರ ಇಟಲಿಯಿಂದ ಬಂದಿತೆಂದು ವಿದ್ವಾಂಸರು ಬಗೆಯುತ್ತಾರೆ—ಕಾಲಕೆಳಗಿನ ಜೇಡಿಮಣ್ಣೇ ಅವರ ಕಲ್ಲುಗಣಿಯಾಯಿತು.

ಅವರ ಇಟ್ಟಿಗೆ ಇಂದಿನ ಇಟ್ಟಿಗೆಗಿಂತ ದೊಡ್ಡದು. ಉದ್ದ ಸುಮಾರು 28 ಸೆಂಟಿಮೀಟರ್, ದಪ್ಪ 9 ಸೆಂಟಿಮೀಟರ್. ಒಂದೊಂದನ್ನೂ ಎರಡು ಕೈಯಿಂದ ಎತ್ತಬೇಕು. ಅಗೆದ ಮಣ್ಣನ್ನು ಚಳಿಗಾಲದ ಹೆಪ್ಪಿಗೆ ಬಿಟ್ಟು ಹದಮಾಡಿ, ತುಳಿದು ನಾದಿ, ಮರದ ಅಚ್ಚಿಗೆ ಒತ್ತಿ, ಬೇಸಿಗೆಯಲ್ಲಿ ಆರಿಸಿ, ಗೂಡಿಗೆ ಹಾಕಿ ಸುಡುತ್ತಿದ್ದರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಕೆಂಪು ಬರುತ್ತದೆ. ಗೂಡಿನೊಳಗೆ ಬೆಂಕಿ ಎಲ್ಲ ಕಡೆಗೂ ಒಂದೇ ಸಮನಾಗಿ ತಗಲದಿದ್ದ ಕಾರಣ ಒಂದೇ ಗೋಡೆಯಲ್ಲಿ ಕಿತ್ತಳೆಯಿಂದ ಕಪ್ಪಿನವರೆಗೆ ಹತ್ತಾರು ಛಾಯೆಗಳು ಕಾಣುತ್ತವೆ. ಮಧ್ಯಯುಗದ ಇಟ್ಟಿಗೆಗಳ ಮೇಲೆ ಕೆಲವೊಮ್ಮೆ ಕೆಲಸಗಾರನ ಬೆರಳ ಗುರುತೋ, ಆರಹಾಕಿದ ಇಟ್ಟಿಗೆಯ ಮೇಲೆ ಓಡಿಹೋದ ನಾಯಿಯ ಹೆಜ್ಜೆಯೋ ಹಾಗೆಯೇ ಉಳಿದಿರುತ್ತದೆ. ಕಲ್ಲು ಕೆತ್ತಿದ ಶಿಲ್ಪಿಯ ಹೆಸರು ನಮಗೆ ಸಿಗದಿದ್ದರೂ ಅವನ ಕಲೆ ಸಿಗುತ್ತದೆ. ಇಟ್ಟಿಗೆಯವನು ಬಿಟ್ಟು ಹೋದದ್ದು ಈ ಹೆಬ್ಬೆರಳಿನ ಗುರುತು ಮಾತ್ರ.

ಇಟ್ಟಿಗೆ ಕಟ್ಟುವವನನ್ನು ಬಹಳ ಕಟ್ಟುನಿಟ್ಟಿಗೆ ಒಳಪಡಿಸುವ ವಸ್ತು. ಕಲ್ಲಿನಲ್ಲಿಯಾದರೆ ಬಾಗಿಲ ಇಕ್ಕೆಲಗಳಲ್ಲಿ ಪ್ರವಾದಿಗಳನ್ನೂ ಪ್ರೇಷಿತರನ್ನೂ ಕಡೆದು ನಿಲ್ಲಿಸಬಹುದು. ಸುಟ್ಟ ಇಟ್ಟಿಗೆಯಲ್ಲಿ ಮುಖವನ್ನು ಕೊರೆಯಲಾಗದು. ಏನು ಅಲಂಕಾರ ಬೇಕಾದರೂ ಸುಡುವ ಮುನ್ನವೇ ಯೋಚಿಸಿ ಅಚ್ಚು ಮಾಡಿಸಬೇಕು: ಕಿಟಕಿಯ ಅಂಚಿಗೆ ಒಂದು ಅಚ್ಚು, ಕಮಾನಿನ ನರಕ್ಕೆ ಇನ್ನೊಂದು, ಕಂಬದ ಮೂಲೆಗೆ ಮತ್ತೊಂದು. ಕೆಲವನ್ನು ಕಪ್ಪು ಅಥವಾ ಹಸಿರು ಮೆರುಗು ಹಚ್ಚಿ ಸುಟ್ಟು ಸಾಲುಬಿಟ್ಟು ಸಾಲು ಇಡುತ್ತಿದ್ದರು. ಎರಡು ಇಟ್ಟಿಗೆಗಳನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ ಇಟ್ಟು ಕಟ್ಟುವುದು ಆ ಸೀಮೆಯ ರೂಢಿ. ಹೀಗೆ ಶಿಲ್ಪದ ಮಾತು ಕಡಿಮೆಯಾಗಿ ಗೋಡೆಯ ಮಾತು ಹೆಚ್ಚಾಯಿತು. ವಿಶಾಲವಾದ ಬರಿಯ ಗೋಡೆ, ಎತ್ತರವಾದ ಕಿಟಕಿ, ಒಳಗೆ ಬೆಳಕು—ಉತ್ತರ ಜರ್ಮನಿಯ ಇಟ್ಟಿಗೆ ದೇವಾಲಯಗಳ ಗಾಂಭೀರ್ಯವೆಲ್ಲ ಈ ಬಡತನದಿಂದ ಬಂದುದೆಂದು ನನ್ನ ನಂಬಿಕೆ.

ಇನ್ನು ಊರಿನ ವಿಚಾರ. ಟ್ರಾವೆ ಮತ್ತು ವಾಕೆನಿಟ್ಸ್ ಎಂಬ ನದಿಗಳ ನಡುವಣ ಗುಡ್ಡದ ಮೇಲೆ 1143ರಲ್ಲಿ ಹೋಲ್‌ಸ್ಟೈನ್ ಪ್ರಾಂತದ ಒಡೆಯ ಎರಡನೆಯ ಅಡಾಲ್ಫನು ಲ್ಯೂಬೆಕ್ ನಗರವನ್ನು ಸ್ಥಾಪಿಸಿದನು. ಬೆಂಕಿಗೆ ತುತ್ತಾದ ಅದನ್ನು 1159ರಲ್ಲಿ 'ಸಿಂಹ'ನೆಂಬ ಬಿರುದಿನ ಹೆನ್ರಿ ದೊರೆ ಮತ್ತೆ ಕಟ್ಟಿಸಿದನು. ಮರುವರ್ಷವೇ ಧರ್ಮಾಧ್ಯಕ್ಷರ ಪೀಠ ಅಲ್ಲಿಗೆ ಬಂತು. 1173ರಲ್ಲಿ ಊರಿನ ದಕ್ಷಿಣ ತುದಿಯಲ್ಲಿ ಪ್ರಧಾನಾಲಯಕ್ಕೆ ಶಿಲಾನ್ಯಾಸವಾಯಿತು. 1226ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನು ಊರಿಗೆ ಸ್ವತಂತ್ರ ನಗರದ ಪದವಿಯನ್ನಿತ್ತ ಮೇಲೆ ಅಲ್ಲಿಯ ವರ್ತಕರು ಯಾವ ಸಾಮಂತನಿಗೂ ತಲೆಬಾಗಬೇಕಾಗಿರಲಿಲ್ಲ. ಹಾನ್ಸಾ ಎಂಬ ವರ್ತಕ ನಗರಗಳ ಒಕ್ಕೂಟಕ್ಕೆ ಲ್ಯೂಬೆಕ್ಕೇ ತಲೆಯಾಯಿತು.

ಅವರ ಐಶ್ವರ್ಯ ಎಲ್ಲಿಂದ ಬಂತೆಂಬುದು ಕಥೋಲಿಕರಾದ ನಮಗೆ ಸ್ವಾರಸ್ಯಕರವಾದ ವಿಷಯ. ಇಂದಿನ ಸ್ವೀಡನ್ನಿನ ದಕ್ಷಿಣ ತುದಿಯಾದ ಸ್ಕಾನಿಯಾದ ಕಡಲಿನಲ್ಲಿ ಹೆರಿಂಗ್ ಎಂಬ ಮೀನು ರಾಶಿರಾಶಿಯಾಗಿ ಸಿಗುತ್ತಿತ್ತು. ಅದನ್ನು ಕೆಡದಂತೆ ಇಡಲು ಉಪ್ಪು ಬೇಕು. ಉಪ್ಪು ಲ್ಯೂಬೆಕ್ಕಿನ ದಕ್ಷಿಣಕ್ಕಿರುವ ಲ್ಯೂನೆಬುರ್ಗಿನಲ್ಲಿ ಭೂಮಿಯಿಂದ ಬರುವ ಉಪ್ಪುನೀರನ್ನು ಕಾಯಿಸಿ ತೆಗೆದುದು. ಎರಡನ್ನೂ ಕೂಡಿಸಿದವರು ಲ್ಯೂಬೆಕ್ಕಿನ ವರ್ತಕರು. ಕೊಳ್ಳುವವರು ಯಾರು? ತಪಸ್ಸುಕಾಲದಲ್ಲೂ ಶುಕ್ರವಾರಗಳಲ್ಲೂ ಮಾಂಸ ತ್ಯಜಿಸುತ್ತಿದ್ದ ಯೂರೋಪಿನ ಕ್ರೈಸ್ತ ಸಮೂಹ! ನಮ್ಮ ಪೂರ್ವಿಕ ವಿಶ್ವಾಸಿಗಳ ಉಪವಾಸದಿಂದ ಒಂದು ಊರು ಹೊಟ್ಟೆ ತುಂಬಿಸಿಕೊಂಡು ಮುಗಿಲೆತ್ತರದ ದೇವಾಲಯವನ್ನು ಕಟ್ಟಿತೆಂದರೆ ನಗಬೇಕೋ ಮೆಚ್ಚಬೇಕೋ ತಿಳಿಯದು.

ಆ ದೇವಾಲಯ ಒಂದೇ ಸಲಕ್ಕೆ ಎದ್ದುದಲ್ಲ. ಮೊದಲು ಮರದ ದೇವಾಲಯವಿತ್ತು. 1200ರ ಸುಮಾರಿಗೆ ಅದರ ಸ್ಥಳದಲ್ಲಿ ದಪ್ಪ ಗೋಡೆಯ, ಅರ್ಧವೃತ್ತದ ಕಮಾನುಗಳ ಇಟ್ಟಿಗೆಯ ದೇವಾಲಯ ಬಂತು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಸಾಲದೆಂದು ತೋರಿ ಅದನ್ನು ಅಗಲಿಸತೊಡಗಿದರು. ಆ ಕೆಲಸ ಮುಗಿಯುವ ಮುನ್ನವೇ ಮತ್ತೆ ಮನಸ್ಸು ಬದಲಾಯಿಸಿ, ಫ್ರಾನ್ಸಿನ ಪ್ರಧಾನಾಲಯಗಳ ಮಾದರಿಯಲ್ಲಿ ಅತ್ಯುನ್ನತವಾದ ಮಧ್ಯಾಂಗಣವನ್ನೂ ಬಲಿಪೀಠದ ಸುತ್ತ ಪ್ರದಕ್ಷಿಣೆಯ ಹಾದಿಯನ್ನೂ ಅದಕ್ಕಂಟಿಕೊಂಡ ಪ್ರಾರ್ಥನಾಲಯಗಳನ್ನೂ ಕಟ್ಟಹೊರಟರು. ಎರಡು ಗೋಪುರಗಳು ಪೂರೈಸಿ ಕೆಲಸ ಮುಗಿದುದು 1351ರ ಸುಮಾರಿಗೆ. ಯೂರೋಪನ್ನೆಲ್ಲ ಬರಿದುಮಾಡಿದ ಮಹಾಮಾರಿ ಬಂದು ಹೋದ ಕಾಲ ಅದು.

ಇಷ್ಟು ದೊಡ್ಡ ದೇವಾಲಯ ಧರ್ಮಕೇಂದ್ರವೊಂದಕ್ಕೆ ಏಕೆ ಬೇಕಾಯಿತು? ಇಲ್ಲಿ ನಾವು ಸತ್ಯವನ್ನೇ ಹೇಳಬೇಕು. ಭಕ್ತಿಯಿತ್ತು, ಸಂದೇಹವಿಲ್ಲ. ಭಕ್ತಿಯ ಜೊತೆಗೆ ಜಿದ್ದೂ ಇತ್ತು. ಧರ್ಮಾಧ್ಯಕ್ಷರಿಗೂ ನಗರಸಭೆಗೂ ಅಧಿಕಾರದ ವಿಷಯದಲ್ಲಿ ಬಿಡದ ಕಲಹ. ಮಾರುಕಟ್ಟೆಗೂ ನಗರಸಭಾ ಭವನಕ್ಕೂ ಮಗ್ಗುಲಲ್ಲೇ, ಗುಡ್ಡದ ನೆತ್ತಿಯಲ್ಲಿ ನಿಂತ ತಮ್ಮ ದೇವಾಲಯ ಧರ್ಮಾಧ್ಯಕ್ಷರ ಪ್ರಧಾನಾಲಯಕ್ಕಿಂತ ಎತ್ತರವಾಗಬೇಕೆಂದು ವರ್ತಕರು ಹಟ ತೊಟ್ಟರು. ದೇವರ ಮಹಿಮೆಗೆಂದು ಎತ್ತಿದ ಗೋಪುರದಲ್ಲಿ ಮನುಷ್ಯನ ಗರ್ವದ ಇಟ್ಟಿಗೆಯೂ ಸೇರಿಕೊಂಡಿತು. ನೂರು ವರ್ಷದ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿಸಿದಾಗ ಅಂಥ ಗರ್ವ ಇತ್ತೋ ಇಲ್ಲವೋ, ಆ ಕಾಲದ ಲೆಕ್ಕಪುಸ್ತಕಗಳನ್ನು ನೋಡಿದವರು ಹೇಳಬೇಕು.

ಮಧ್ಯಾಂಗಣದ ಕಮಾನು ಛಾವಣಿಯ ಎತ್ತರ 38.5 ಮೀಟರ್. ಇಟ್ಟಿಗೆಯ ಕಮಾನು ಛಾವಣಿಗಳಲ್ಲಿ ಜಗತ್ತಿನಲ್ಲೇ ಇದಕ್ಕಿಂತ ಎತ್ತರವಾದುದಿಲ್ಲ. ಹನ್ನೆರಡು ಅಂತಸ್ತಿನ ಕಟ್ಟಡವೊಂದು ಅದರೊಳಗೆ ನಿಲ್ಲಬಹುದೆಂದರೆ ತಮಗೆ ಅಂದಾಜಾದೀತು. ಗೋಪುರಗಳು ಶಿಖರ ಸೇರಿ ಸುಮಾರು 125 ಮೀಟರ್. ಛಾವಣಿಯ ಭಾರ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ; ಆ ನೂಕನ್ನು ತಡೆಯಲು ಹೊರಗಿನಿಂದ ಕೈಯಂತೆ ಚಾಚಿಕೊಂಡು ಗೋಡೆಗೆ ಒತ್ತಾಸೆ ಕೊಡುವ ಕಮಾನುಗಳನ್ನು ಫ್ರಾನ್ಸಿನವರು ಕಲ್ಲಿನಲ್ಲಿ ಕಟ್ಟಿದ್ದರು. ಅವನ್ನೇ ಲ್ಯೂಬೆಕ್ಕಿನವರು ಅಂಗೈಯಗಲದ ಇಟ್ಟಿಗೆಗಳನ್ನು ಗಾರೆಯಿಂದ ಒಂದಕ್ಕೊಂದು ಬೆಸೆದು ಕಟ್ಟಿದರು. ಒಂದು ಇಟ್ಟಿಗೆಗೆ ತನ್ನದೇ ಆದ ಬಲವಿಷ್ಟೆಂದು ಹೇಳುವಂತಿಲ್ಲ. ಪಕ್ಕದ್ದರ ಮೇಲೆ ಒರಗಿದಾಗಲೇ ಅದಕ್ಕೆ ಬಲ. ದಕ್ಷಿಣ ಗೋಪುರದ ಪಕ್ಕದಲ್ಲಿ 1310ರಲ್ಲಿ ಕಟ್ಟಿದ ಒಂದು ಪ್ರಾರ್ಥನಾಲಯವಿದೆ. ಎರಡೇ ಎರಡು ತೆಳ್ಳನೆಯ ಗ್ರಾನೈಟ್ ಕಂಬಗಳಿಂದ ಮೇಲೆದ್ದ ನರಗಳು ಛಾವಣಿಯಲ್ಲಿ ನಕ್ಷತ್ರಾಕಾರವಾಗಿ ಹರಡಿಕೊಂಡಿವೆ. ಇಡೀ ದೇವಾಲಯದಲ್ಲಿ ಗರ್ವದ ಸುಳಿವಿಲ್ಲದ ಭಾಗ ಯಾವುದೆಂದರೆ ನಾನು ಅದನ್ನೇ ತೋರಿಸುತ್ತೇನೆ.

ಬಾಲ್ಟಿಕ್ ತೀರದ ಬಂದರುಗಳೆಲ್ಲ ಇದನ್ನು ಕಂಡು ತಾವೂ ಕಟ್ಟಿದವು. ವಿಸ್ಮಾರ್, ರೋಸ್ಟಾಕ್, ಸ್ಟ್ರಾಲ್‌ಸುಂಡ್ ನಗರಗಳ ದೊಡ್ಡ ದೇವಾಲಯಗಳನ್ನೂ ಡೋಬರಾನಿನ ಸಿಸ್ಟರ್ಶಿಯನ್ ಮಠದ ದೇವಾಲಯವನ್ನೂ ಈ ತಾಯಿಯ ಮಕ್ಕಳೆಂದೇ ಕರೆಯುತ್ತಾರೆ. ಲ್ಯೂಬೆಕ್ಕಿನಲ್ಲಿಯೇ ಐದು ಮುಖ್ಯ ದೇವಾಲಯಗಳಿಗೆ ಸೇರಿದ ಏಳು ಶಿಖರಗಳು ಬಹುದೂರದಿಂದ ಕಾಣುತ್ತವೆ.

ಅಲ್ಲಿಯವರು ಹೇಳುವ ಒಂದು ದಂತಕಥೆಯನ್ನು ಮಕ್ಕಳಿಗಾಗಿ ಹೇಳಿ ಮುಂದೆ ಹೋಗುತ್ತೇನೆ. ಗೋಡೆ ಏಳುತ್ತಿದ್ದಾಗ ಸೈತಾನನು ಬಂದು ಇದೇನು ಕಟ್ಟುತ್ತಿದ್ದೀರೆಂದು ಕೇಳಿದನಂತೆ. ದ್ರಾಕ್ಷಾರಸದ ಅಂಗಡಿಯೆಂದರು ಕೆಲಸಗಾರರು. ಅಲ್ಲಿಗೆ ಬರುವವರೆಲ್ಲ ತನ್ನ ಕಡೆಯವರೇ ಆಗುತ್ತಾರೆಂದು ಹಿಗ್ಗಿ ಸೈತಾನನೂ ಇಟ್ಟಿಗೆ ಹೊತ್ತನು. ಕೆಲಸ ಬೇಗ ಸಾಗಿತು. ನಿಜ ತಿಳಿದಾಗ ಸಿಟ್ಟಿನಿಂದ ದೊಡ್ಡ ಬಂಡೆಯೊಂದನ್ನೆತ್ತಿ ಗೋಡೆಗೆ ಅಪ್ಪಳಿಸಹೋದನು. ಧೈರ್ಯಸ್ಥನೊಬ್ಬನು ಮುಂದೆ ಬಂದು, 'ಸಿಟ್ಟಾಗಬೇಡ, ನಿನಗಾಗಿ ಪಕ್ಕದಲ್ಲೇ ದ್ರಾಕ್ಷಾರಸದ ಅಂಗಡಿಯನ್ನೂ ಕಟ್ಟಿಕೊಡುತ್ತೇವೆ' ಎಂದನಂತೆ. ಸೈತಾನನು ಬಂಡೆಯನ್ನು ಅಲ್ಲೇ ಹಾಕಿ ಹೋದನು. ಬಂಡೆ ಇಂದಿಗೂ ದೇವಾಲಯದ ಹೊರಗಿದೆ. ನಗರಸಭಾ ಭವನದ ನೆಲಮಾಳಿಗೆಯಲ್ಲಿ ದ್ರಾಕ್ಷಾರಸವೂ ಸಿಗುತ್ತಿತ್ತು. ವರ್ತಕರು ಮಾತಿಗೆ ತಪ್ಪುವವರಲ್ಲ.

1531ರಲ್ಲಿ ನಗರ ಲೂಥರನ ಮತವನ್ನು ಅಂಗೀಕರಿಸಿತು. ಅಂದಿನಿಂದ ಸಂತ ಮರಿಯಮ್ಮನವರ ದೇವಾಲಯ ಲೂಥರನ್ ಸಭೆಯದು. ಪ್ರಸಿದ್ಧ ಸಂಗೀತಗಾರ ಬುಕ್ಸ್ಟೆಹೂಡೆ 1668ರಿಂದ 1707ರಲ್ಲಿ ಕಾಲವಾಗುವವರೆಗೆ ಅಲ್ಲಿ ಆರ್ಗನ್ ನುಡಿಸಿದರು. ಅವರ ವಾದನ ಕೇಳಲು ಇಪ್ಪತ್ತು ವರ್ಷದ ತರುಣ ಬಾಖ್ 1705ರಲ್ಲಿ ಆರ್ನ್‌ಸ್ಟಾಟ್ ಊರಿನಿಂದ ನಾನೂರು ಕಿಲೋಮೀಟರಿನಷ್ಟು ದೂರ ನಡೆದು ಬಂದನು. ನಾಲ್ಕು ವಾರದ ರಜೆ ಪಡೆದಿದ್ದವನು ಸುಮಾರು ನಾಲ್ಕು ತಿಂಗಳು ಉಳಿದನು. ಅಲ್ಪಸಂಖ್ಯಾತರಾದ ಕಥೋಲಿಕರಿಗೆ ನಗರದಲ್ಲಿ ತಕ್ಕ ದೇವಾಲಯ ದೊರೆಯಲು ಬಹಳ ಕಾಲ ಹಿಡಿಯಿತು. ಹಳೆಯ ಪ್ರಧಾನಾಲಯದ ಸಮೀಪದಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯ ಪೂರ್ಣಗೊಂಡುದು 1891ರಲ್ಲಿ. ಅದನ್ನೂ ಇಟ್ಟಿಗೆಯಲ್ಲೇ, ಮಧ್ಯಯುಗದ ಮಾದರಿಯಲ್ಲೇ ಕಟ್ಟಿದರು.

ಈಗ ಬೆಂಕಿಯ ಮಾತು. 1942ರ ಮಾರ್ಚ್ 28ರ ರಾತ್ರಿ, ಗರಿಗಳ ಭಾನುವಾರದ ಮುನ್ನಿನ ರಾತ್ರಿ, ಇಂಗ್ಲೆಂಡಿನ ಇನ್ನೂರಕ್ಕೂ ಹೆಚ್ಚು ವಿಮಾನಗಳು ಲ್ಯೂಬೆಕ್ಕಿನ ಮೇಲೆ ಬಾಂಬು ಸುರಿಸಿದವು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳೆಯ ನಗರದ ಐದನೆಯ ಒಂದು ಭಾಗ ನಾಶವಾಯಿತು. ಸಂತ ಮರಿಯಮ್ಮನವರ ದೇವಾಲಯದ ಮಾಡು ಉರಿಯಿತು, ಶಿಖರಗಳು ಉರಿದು ಬಿದ್ದವು. ಆರ್ಗನ್‌ಗಳೂ 'ಮರಣನೃತ್ಯ'ವೆಂಬ ಹೆಸರಾಂತ ಚಿತ್ರವೂ ಬೂದಿಯಾದವು. ದಕ್ಷಿಣ ಗೋಪುರದ ದೊಡ್ಡ ಘಂಟೆಗಳು ಉರಿವ ತೊಲೆಗಳಿಂದ ಕಳಚಿ ನೆಲಕ್ಕೆ ಅಪ್ಪಳಿಸಿದವು. ಆದರೆ ಗೋಡೆಗಳು ನಿಂತವು. ಒಮ್ಮೆ ಗೂಡಿನಲ್ಲಿ ಬೆಂದು ಬಂದಿದ್ದ ಇಟ್ಟಿಗೆಗೆ ಬೆಂಕಿ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ಕವೆಂಟ್ರಿ ನಗರದ ಪ್ರಧಾನಾಲಯವನ್ನು ಜರ್ಮನರ ವಿಮಾನಗಳು 1940ರ ನವೆಂಬರಿನಲ್ಲಿ ಸುಟ್ಟಿದ್ದವೆಂಬುದನ್ನೂ ಇದರೊಂದಿಗೆ ನೆನೆಯಬೇಕು.

ಮರುದಿನದ ಉಪಾಸನೆಯಲ್ಲಿ ಆ ಊರಿನ ಲೂಥರನ್ ಪಾದ್ರಿ ಕಾರ್ಲ್ ಫ್ರೀಡ್ರಿಕ್ ಸ್ಟೆಲ್‌ಬ್ರಿಂಕ್ ಅವರು ಈ ಬೆಂಕಿಯಲ್ಲಿ ದೇವರೇ ಮಾತನಾಡಿದ್ದಾರೆಂಬ ಅರ್ಥದ ಉಪದೇಶ ಮಾಡಿದರೆಂದು ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಅವರ ಬಂಧನವಾಯಿತು. ಪವಿತ್ರ ಹೃದಯದ ದೇವಾಲಯದ ಮೂವರು ತರುಣ ಗುರುಗಳು ಅವರ ಗೆಳೆಯರಾಗಿದ್ದರು: ಸ್ವಾಮಿ ಯೋಹಾನೆಸ್ ಪ್ರಸ್ಸೆಕ್, ಸ್ವಾಮಿ ಹೆರ್ಮನ್ ಲಾಂಗೆ, ಸ್ವಾಮಿ ಎಡುಆರ್ಡ್ ಮ್ಯುಲ್ಲರ್. ಬುದ್ಧಿಮಾಂದ್ಯರನ್ನೂ ರೋಗಿಗಳನ್ನೂ ಸರಕಾರವೇ ಕೊಲ್ಲಿಸುತ್ತಿದೆಯೆಂದು 1941ರಲ್ಲಿ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಅವರು ಬಹಿರಂಗವಾಗಿ ಖಂಡಿಸಿದ್ದ ಉಪದೇಶಗಳನ್ನು ಈ ನಾಲ್ವರೂ ನಕಲು ಮಾಡಿ ಹಂಚುತ್ತಿದ್ದರು. ಸ್ವಾಮಿ ಪ್ರಸ್ಸೆಕ್ ಅವರು ಬಲವಂತವಾಗಿ ಕರೆತಂದಿದ್ದ ಪೋಲೆಂಡಿನ ಕೂಲಿಗಳಿಗೆ ಸೇವೆ ಸಲ್ಲಿಸಲೆಂದೇ ಅವರ ಭಾಷೆಯನ್ನು ಕಲಿತಿದ್ದರು. ಮೂವರು ಗುರುಗಳೂ ಬಂಧಿತರಾದರು. 1943ರ ನವೆಂಬರ್ 10ರಂದು ಹ್ಯಾಂಬುರ್ಗಿನ ಸೆರೆಮನೆಯಲ್ಲಿ ನಾಲ್ವರನ್ನೂ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಂತೆ ಶಿರಚ್ಛೇದ ಮಾಡಿದರು. ಕಥೋಲಿಕರ ರಕ್ತ ಯಾವುದು, ಲೂಥರನ್ನರದು ಯಾವುದೆಂದು ವಿಂಗಡಿಸುವ ಹಾಗಿರಲಿಲ್ಲ. ಮೂವರು ಗುರುಗಳನ್ನು 2011ರ ಜೂನ್ 25ರಂದು ಲ್ಯೂಬೆಕ್ಕಿನಲ್ಲೇ ಪುನೀತರೆಂದು ಘೋಷಿಸಲಾಯಿತು. ಸ್ಟೆಲ್‌ಬ್ರಿಂಕ್ ಅವರನ್ನೂ ಆ ದಿನ ಗೌರವದಿಂದ ಸ್ಮರಿಸಿದರು.

ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟುವ ಕೆಲಸ. ಬೆಂಕಿಯ ಕಾವಿಗೆ ಶತಮಾನಗಳ ಸುಣ್ಣದ ಪದರಗಳು ಉದುರಿ, ಮಧ್ಯಾಂಗಣದ ಗೋಡೆಗಳ ಮೇಲೆ ಮಧ್ಯಯುಗದ ವರ್ಣಚಿತ್ರಗಳು ಹೊರಬಿದ್ದಿದ್ದವು. ಅನಾಹುತದ ನಡುವೆ ಬಂದ ವರವೆಂದು ಜನರು ಹಿಗ್ಗಿದರು. ಅವುಗಳ ಜೀರ್ಣೋದ್ಧಾರದ ಹೊಣೆಯನ್ನು ಡೀಟ್ರಿಕ್ ಫೈ ಎಂಬವರು ವಹಿಸಿಕೊಂಡರು. ಅವರ ಕೈಕೆಳಗೆ ಲೋಥಾರ್ ಮಾಲ್‌ಸ್ಕಾಟ್ ಎಂಬ ಚಿತ್ರಕಾರ ಕೆಲಸ ಮಾಡುತ್ತಿದ್ದನು. ಬಲಿಪೀಠದ ಮೇಲ್ಭಾಗದ ಗೋಡೆಗಳಲ್ಲಿ ಹಳೆಯ ಚಿತ್ರ ಉಳಿದಿದ್ದುದು ಇಲ್ಲವೆಂಬಷ್ಟು ಕಡಿಮೆ. ಇತ್ತ ದೇವಾಲಯದ ಏಳುನೂರನೆಯ ವರ್ಷದ ಉತ್ಸವ 1951ರಲ್ಲಿ ನಿಗದಿಯಾಗಿತ್ತು. ಅಷ್ಟರಲ್ಲಿ ಎಲ್ಲವೂ ಪೂರ್ಣವಾಗಿ ಕಾಣಬೇಕು. ಮಾಲ್‌ಸ್ಕಾಟ್ ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ಸಂತರ ಸಾಲೊಂದನ್ನು ತನ್ನ ಕಲ್ಪನೆಯಿಂದಲೇ ಬರೆದು, ಹಳೆಯದರಂತೆ ಕಾಣುವ ಹಾಗೆ ಮಾಸಿಸಿದನು. ಚಲನಚಿತ್ರದ ನಟಿಯೊಬ್ಬಳ ಮುಖವೂ ಆ ಪಾವನ ಪಂಕ್ತಿಯಲ್ಲಿ ಸೇರಿಹೋಯಿತಂತೆ.

ಸೆಪ್ಟೆಂಬರ್ ತಿಂಗಳಲ್ಲಿ ಉತ್ಸವ ವಿಜೃಂಭಣೆಯಿಂದ ನಡೆಯಿತು. ದೇಶದ ಮುಖ್ಯಸಚಿವ ಆಡೆನೌವರ್ ಅವರೇ ಬಂದಿದ್ದರು. ಅಂಚೆ ಇಲಾಖೆ ವಿಶೇಷ ಅಂಚೆಚೀಟಿಗಳನ್ನು ಹೊರಡಿಸಿತು. ವಿದ್ವಾಂಸರು ಹೊಗಳಿ ಬರೆದರು. ಕೀರ್ತಿಯೆಲ್ಲ ಫೈ ಅವರ ಪಾಲಾಯಿತು. 1952ರಲ್ಲಿ ಮಾಲ್‌ಸ್ಕಾಟ್ ತಾನಾಗಿಯೇ ಮುಂದೆ ಬಂದು, ಅವೆಲ್ಲ ತಾನು ಬರೆದವು ಎಂದು ಒಪ್ಪಿಕೊಂಡನು. ಮೊದಮೊದಲು ಯಾರೂ ನಂಬಲಿಲ್ಲವಂತೆ! 1955ರಲ್ಲಿ ನ್ಯಾಯಾಲಯ ಮಾಲ್‌ಸ್ಕಾಟನಿಗೆ 18 ತಿಂಗಳ, ಫೈಗೆ 20 ತಿಂಗಳ ಸೆರೆವಾಸ ವಿಧಿಸಿತು. ಬಲಿಪೀಠದ ಮೇಲಣ ಕಪಟ ಚಿತ್ರಗಳನ್ನು ಅಳಿಸಿಹಾಕಿದರು. ಇಂದು ಅಲ್ಲಿ ಬರಿಯ ಗೋಡೆಯಿದೆ.

ಇಬ್ಬರನ್ನೇ ದೂರಿ ಸುಮ್ಮನಾಗುವುದು ಸುಲಭ. ಆದರೆ ನನ್ನ ಮಟ್ಟಿಗೆ ಅವರಿಗಿಂತ ಹೆಚ್ಚಾಗಿ ಕಾಡುವವರು ಉತ್ಸವದ ದಿನ ತಲೆಯೆತ್ತಿ ನೋಡಿ ಧನ್ಯರಾದ ಜನ. ಬೆಂಕಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಅವರಿಗೆ ಏನಾದರೊಂದು ಇಡಿಯಾಗಿ ಉಳಿದಿದೆಯೆಂದು ನಂಬುವ ಹಂಬಲವಿತ್ತು. ಉತ್ಸವಕ್ಕೆ ತಾರೀಕು ನಿಗದಿಯಾದೊಡನೆ ಗೋಡೆಗಳು ನಿಜ ಹೇಳುವುದಕ್ಕಿಂತ ಚೆನ್ನಾಗಿ ಕಾಣಲೆಂದು ನಾವೆಲ್ಲರೂ ಬಯಸುತ್ತೇವೆ. ನಮ್ಮ ಸುಣ್ಣಬಣ್ಣದ ಉಪಸಮಿತಿಯವರು ಮುನಿಯಬಾರದು. ನಾನು ಹೇಳುತ್ತಿರುವುದು ಲ್ಯೂಬೆಕ್ಕಿನ ಮಾತು.

ಅದೇ ಲ್ಯೂಬೆಕ್ಕಿನವರು ಅದೇ ದೇವಾಲಯದ ಇನ್ನೊಂದು ಮೂಲೆಯಲ್ಲಿ ಬೇರೆ ರೀತಿ ನಡೆದುಕೊಂಡರು. ಛಾವಣಿಯನ್ನು ದುರಸ್ತಿ ಮಾಡಿದರು, ಗೋಪುರಗಳಿಗೆ ಮತ್ತೆ ಶಿಖರವಿಟ್ಟರು. 1959ರ ವೇಳೆಗೆ ಪುನರ್ನಿರ್ಮಾಣ ಬಹುಮಟ್ಟಿಗೆ ಮುಗಿಯಿತು. 1987ರಲ್ಲಿ ಹಳೆಯ ನಗರವೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ದಕ್ಷಿಣ ಗೋಪುರದ ಬುಡದಲ್ಲಿ, ಆ ರಾತ್ರಿ ಬಿದ್ದ ಘಂಟೆಗಳನ್ನು ಯಾರೂ ಎತ್ತಲಿಲ್ಲ. ಕರಗಿ, ಬಿರಿದು, ನೆಲಕ್ಕೆ ಕಚ್ಚಿಕೊಂಡು ಅವು ಬಿದ್ದಲ್ಲಿಯೇ ಬಿದ್ದಿವೆ. ಅದೇ ಗೋಪುರದ ತಳದಲ್ಲಿ ಸ್ಮಾರಕ ಪ್ರಾರ್ಥನಾಲಯವನ್ನು ಮಾಡಿದ್ದಾರೆ. ಕವೆಂಟ್ರಿಯ ಸುಟ್ಟ ಪ್ರಧಾನಾಲಯದ ಮೊಳೆಗಳಿಂದ ಮಾಡಿದ ಶಿಲುಬೆಯ ಮಾದರಿಯೊಂದು ಆ ಊರಿನಿಂದ ಇಲ್ಲಿಗೆ ಬಂದಿದೆ. ದೇವಾಲಯಕ್ಕೆ ಬಂದವರು ಆ ಒಡೆದ ಘಂಟೆಗಳ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.